ಸಂಶೋಧನೆಗೆ ಹೊರಟ ತಂಗಿಗೆ

ಉದ್ಯಮಬಾಗ, ಬೆಳಗಾವಿ

ಚಿ. ತಂಗಿಗೆ ನಿನ್ನ ಕಾಕಾ ಮಾಡುವ ಅನೇಕ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಆಯಿಯ ಮಂಡಿನೋವು ಇಳಿದಿದೆ. ಫೋನಿನಲ್ಲಿ ನೀನು ಅಂದ ಮಾತು ನನ್ನ ತಲೆಯಲ್ಲೇ ಕೂತಿದೆ. "ಬೆಳಗಾದ್ರ ಸಾಕು, ಹೊಸ ಪೇಪರ್‌ಗಳ ರಾಶಿ ಬಿದ್ದಿರ್ತದ ಕಾಕಾ. ಅದನ್ನ ಓದೂದ್ರಾಗ ಮತ್ತೊಂದು ರಾಶಿ. ಪಿಎಚ್‌ಡಿ ಶುರು ಆಗೂಕಿಂತ ಮೊದ್ಲ ಹಿಂದ ಬಿದ್ದೀನಿ ಅನಿಸ್ತದ" ಅಂದೆ. ಅವತ್ತು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಅಷ್ಟು ಸಾಲದು ಅನಿಸಿ ಈಗ ಬರೆಯಲು ಕೂತಿದ್ದೇನೆ. ಫೌಂಡ್ರಿಯ ಲ್ಯಾಬಿನಲ್ಲಿ ಲೋಹ ತಿಕ್ಕಿ, ಪಾಲಿಶ್ ಮಾಡಿ, ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತ ವಯಸ್ಸು ಕಳೆದವನ ಮಾತು ಇದು.

ಹೊಸದೆಲ್ಲದರ ಬೆನ್ನು ಹತ್ತಬೇಡ. ಒಂದು ವಸ್ತು ಹಿಡಿ. ಅದು ಯಾವಾಗ ಕರಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಯಾವ ಕಲ್ಮಷ ಸೇರಿದರೆ ಹೇಗೆ ಬದಲಾಗುತ್ತದೆ ಎಂಬುದು ಪುಸ್ತಕ ತೆಗೆಯದೆಯೇ ಗೊತ್ತಾಗುವ ತನಕ ಅದನ್ನು ಬಿಡಬೇಡ.

2023ರ ಜುಲೈ ನೆನಪಿರಬೇಕು. ಸೀಸ, ರಂಜಕ, ಆಮ್ಲಜನಕಗಳ ಜೊತೆ ತಾಮ್ರ ಬೆರೆತ ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ, ಸಾಮಾನ್ಯ ಒತ್ತಡದಲ್ಲೇ ಅತಿವಾಹಕವಾಗುತ್ತದೆ, ಅಂದರೆ ಯಾವ ರೋಧವೂ ಇಲ್ಲದೆ ವಿದ್ಯುತ್ತನ್ನು ಹರಿಸುತ್ತದೆ ಎಂದು ದಕ್ಷಿಣ ಕೊರಿಯಾದ ತಂಡವೊಂದು ಪ್ರಕಟಿಸಿತು. 1911ರಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಈ ಗುಣವನ್ನು ಮೊದಲು ಕಂಡದ್ದು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗೆ ಇಳಿಸಿದಾಗ. ಅಂಥದ್ದು ಮೇಜಿನ ಮೇಲೆ ಸುಮ್ಮನೆ ಇಟ್ಟ ಚೂರಿನಲ್ಲಿ ಸಿಕ್ಕರೆ ವಿದ್ಯುತ್ತಿನ ಲೋಕವೇ ಬದಲಾಗುತ್ತಿತ್ತು. ದೇಶದೇಶಗಳಲ್ಲಿ ಲ್ಯಾಬಿನ ಭಟ್ಟಿಗಳು ಉರಿದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೂ ಮಾಡಿ ನೋಡಿದರು, ಅತಿವಾಹಕತೆ ಸಿಗಲಿಲ್ಲ. ಆ ಕೊರಿಯಾದ ಲೆಕ್ಕದಲ್ಲಿ ರೋಧ ದಿಢೀರನೆ ಕುಸಿದದ್ದು 104 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಶಾಂತ್ ಜೈನ್ ಎಂಬ ರಸಾಯನಶಾಸ್ತ್ರಜ್ಞರು ಆ ಅಂಕಿಯನ್ನು ಗುರುತು ಹಿಡಿದರು. ಅವರು ಮೊದಲಿನಿಂದ ಕೆಲಸ ಮಾಡುತ್ತಿದ್ದದ್ದು ತಾಮ್ರದ ಸಲ್ಫೈಡ್ ಮೇಲೆ, ಅಂದರೆ ತಾಮ್ರ-ಗಂಧಕದ ಸಂಯುಕ್ತದ ಮೇಲೆ, ಅದು ತನ್ನ ಒಳರಚನೆ ಬದಲಿಸುವುದು ಅದೇ ಉಷ್ಣತೆಯಲ್ಲಿ. ಎಲ್‌ಕೆ-99ರಲ್ಲಿ ಕಲ್ಮಷವಾಗಿ ಸೇರಿದ್ದದ್ದು ಅದೇ ಸಲ್ಫೈಡ್. ಆಮೇಲೆ ಜರ್ಮನಿಯ ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕದ ಸೋಂಕಿಲ್ಲದ ಹರಳು ಬೆಳೆಸಿದರು. ನೇರಳೆ ಬಣ್ಣದ, ಪಾರದರ್ಶಕ, ವಿದ್ಯುತ್ತನ್ನು ಹರಿಯಗೊಡದ ಹರಳು ಬಂತು. ತಂಗಿ, ಇಲ್ಲಿ ನೋಡು: ಜಗತ್ತೆಲ್ಲ ಅತಿವಾಹಕದ ಸುದ್ದಿ ಓದುತ್ತಿದ್ದಾಗ ಗಂಟು ಬಿಚ್ಚಿದ್ದು ಬೇರೆಯದೇ ಒಂದು ವಸ್ತುವನ್ನು ಒಳಹೊಕ್ಕು ಬಲ್ಲವರು.

ಇನ್ನೊಂದು ಕಥೆ ನಿನಗೆ ಗೊತ್ತೇ ಇದೆ, ಆದರೆ ಕಾಲೇಜಿನಲ್ಲಿ ಅದನ್ನು ಅರ್ಧ ಹೇಳುತ್ತಾರೆ. 1982ರ ಏಪ್ರಿಲ್ 8ರಂದು ಡ್ಯಾನ್ ಶೆಕ್ಟ್‌ಮನ್ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಅಲ್ಯುಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹವೊಂದನ್ನು ಇಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಕರಗಿದ ಲೋಹವನ್ನು ತಿರುಗುವ ಚಕ್ರದ ಮೇಲೆ ಸುರಿದು ಕ್ಷಣಮಾತ್ರದಲ್ಲಿ ಗಟ್ಟಿ ಮಾಡಿದ ಪಟ್ಟಿ ಅದು. ಆ ವಿಧಾನದಲ್ಲಿ ಉಷ್ಣತೆ ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ವೇಗದಲ್ಲಿ ಇಳಿಯುತ್ತದೆ. ನಮ್ಮ ಮರಳಚ್ಚಿನಲ್ಲಿ ಒಂದು ಪಂಪಿನ ಕವಚ ಆರಲು ಗಂಟೆಗಳು ಬೇಕು, ಹಾಗಾಗಿ ಆ ವೇಗ ಎಂಥದೆಂದು ನನಗೆ ಓದಿದಾಗಲೇ ಮೈ ಜುಮ್ ಅಂದಿತು. ಇಲೆಕ್ಟ್ರಾನ್‌ಗಳು ಹರಳಿನ ಮೂಲಕ ಹಾದು ಚದುರಿ ಮೂಡಿಸುವ ವಿವರ್ತನೆಯ ಚಿತ್ರದಲ್ಲಿ ಅವರಿಗೆ ಕಂಡ ಚುಕ್ಕಿಗಳು ಹತ್ತು ದಿಕ್ಕಿಗೆ ಸಮನಾಗಿ ಹರಡಿದ್ದವು. ಸ್ಫಟಿಕದಲ್ಲಿ ಎರಡು, ಮೂರು, ನಾಲ್ಕು, ಆರು ಸುತ್ತಿನ ಸಮಮಿತಿ ಮಾತ್ರ ಸಾಧ್ಯ, ಐದು ಮತ್ತು ಹತ್ತು ಆಗದು ಎಂಬುದು ಆಗಿನ ಪಾಠ. ನಾಲ್ಕು ಸುತ್ತು ಅಂದರೆ ಒಂದು ಪೂರ್ತಿ ತಿರುವಿನಲ್ಲಿ ನಾಲ್ಕು ಸಲ ಅದೇ ರೂಪ ಕಾಣುವುದು. ಶೆಕ್ಟ್‌ಮನ್ ನೋಟ್‌ಬುಕ್ಕಿನಲ್ಲಿ ಹತ್ತು ಸುತ್ತು ಎಂದು ಬರೆದು ಮುಂದೆ ಮೂರು ಪ್ರಶ್ನೆಚಿಹ್ನೆ ಹಾಕಿದರು.

ಮುಂದಿನದನ್ನು ಎಲ್ಲರೂ ಧೈರ್ಯದ ಕಥೆಯಾಗಿ ಹೇಳುತ್ತಾರೆ. ತಂಡದಿಂದ ಹೊರಗೆ ಹೋಗಲು ಹೇಳಿದರು, ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ ಕೊನೆಯವರೆಗೂ ಒಪ್ಪಲಿಲ್ಲ, 1984ರ ನವೆಂಬರಿನಲ್ಲಷ್ಟೇ ಪೇಪರ್ ಅಚ್ಚಾಯಿತು, 2011ರಲ್ಲಿ ನೊಬೆಲ್ ಬಂತು. ಎಲ್ಲ ನಿಜ. ಆದರೆ ಧೈರ್ಯಕ್ಕೆ ಮೊದಲು ಅವರು ಮಾಡಿದ ಕೆಲಸ ನನಗೆ ಹೆಚ್ಚಿನದು. ನಾಲ್ಕಾರು ಮಾಮೂಲಿ ಹರಳುಗಳು ಓರೆಯಾಗಿ ಒಂದಕ್ಕೊಂದು ಅಂಟಿ ಬೆಳೆದರೂ ಇಂಥ ಮೋಸದ ಚಿತ್ರ ಬರುತ್ತದೆ. ನೀವು ಟ್ವಿನ್ ಅನ್ನುತ್ತೀರಿ. ಶೆಕ್ಟ್‌ಮನ್ ಟ್ವಿನ್‌ಗಳನ್ನು ಹುಡುಕಿದರು, ಒಂದು ಚುಕ್ಕಿಯ ಕಿರಣದಿಂದಷ್ಟೇ ಮೂಡುವ ಡಾರ್ಕ್ ಫೀಲ್ಡ್ ಚಿತ್ರ ತೆಗೆದರು, ಸಿಗಲಿಲ್ಲ. ತಮ್ಮ ಮಾತು ಸುಳ್ಳಾಗುವ ದಾರಿ ಯಾವುದೆಂದು ತಾವೇ ಹುಡುಕಿ ನೋಡಿದವರಿಗೆ ಮಾತ್ರ ಅಂಥ ಧೈರ್ಯ ಒಪ್ಪುತ್ತದೆ. ನಿನ್ನ ಕೈಗೆ ವಿಚಿತ್ರ ಫಲಿತಾಂಶ ಬಂದ ದಿನ ಯಾರಿಗೂ ಫೋನ್ ಮಾಡಬೇಡ, ನನಗೂ ಬೇಡ. ಮತ್ತೊಂದು ಸ್ಯಾಂಪಲ್ ಮಾಡು.

ಇನ್ನು ಗಣಿತ. ನೀನು ಅದನ್ನು ಬಿ.ಇ. ಎರಡನೇ ವರ್ಷಕ್ಕೇ ಬಿಟ್ಟೆ ಎಂದು ಹೆಮ್ಮೆಯಿಂದ ಹೇಳುತ್ತೀಯಲ್ಲ, ಅದು ನನಗೆ ಹಿಡಿಸಿಲ್ಲ. ಒಂದೇ ವಿನ್ಯಾಸ ಸಮ ಅಂತರದಲ್ಲಿ ಮರುಕಳಿಸದಂತೆ ನೆಲ ತುಂಬುವ ಫರಸಿಗಳನ್ನು ರೋಜರ್ ಪೆನ್‌ರೋಸ್ 1970ರ ದಶಕದಲ್ಲೇ ಕಂಡುಹಿಡಿದಿದ್ದರು. ಶೆಕ್ಟ್‌ಮನ್ನರ ಹರಳಿಗೆ ಅರ್ಥ ಸಿಕ್ಕಿದ್ದು ಆ ಗಣಿತದಿಂದ. ಇರಾನಿನ ಇಸ್ಫಹಾನಿನಲ್ಲಿ 1453ರಲ್ಲಿ ಕಟ್ಟಿದ ದರ್ಬ್-ಎ-ಇಮಾಮ್ ದರ್ಗಾದ ಗೋಡೆಯ ಚಿತ್ತಾರ ಇದಕ್ಕೆ ಬಹಳ ಹತ್ತಿರ ಎಂದು ಪೀಟರ್ ಲು ಮತ್ತು ಪಾಲ್ ಸ್ಟೈನ್‌ಹಾರ್ಟ್ 2007ರಲ್ಲಿ ತೋರಿಸಿದರು. ಒಂದೇ ಒಂದು ಆಕಾರದ ಫರಸಿಯಿಂದ ಅಂಥ ನೆಲ ಹಾಸಬಹುದೇ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅದಕ್ಕೆ ಟೋಪಿಯಂಥ ಆಕಾರವೊಂದನ್ನು 2022ರಲ್ಲಿ ಕಂಡವರು ಇಂಗ್ಲೆಂಡಿನ ಡೇವಿಡ್ ಸ್ಮಿತ್, ಮುದ್ರಣದ ಕೆಲಸದಿಂದ ನಿವೃತ್ತರಾದ ಹವ್ಯಾಸಿ. ಮೂವರು ಗಣಿತ ಬಲ್ಲವರ ಜೊತೆ ಸೇರಿ ಅದನ್ನು ಸಾಧಿಸಿ ತೋರಿಸಿದರು. ವಿಜಯಪುರದ ನಿನ್ನ ಅತ್ತೆಯ ಮನೆಗೆ ಹೋದಾಗ ಗೋಲಗುಮ್ಮಟಕ್ಕೆ ಇನ್ನೊಮ್ಮೆ ಹೋಗು. ಪ್ರತಿಧ್ವನಿ ಕೇಳಲು ಕೂಗುವುದು ಆಯಿತು. ಈ ಸಲ ತಲೆ ಎತ್ತಿ ಕಮಾನುಗಳನ್ನು ನೋಡು. ಒಂದನ್ನೊಂದು ಹಾಯುವ ಎಂಟು ಕಮಾನುಗಳು, ಕೆಳಗಿನ ಚೌಕವನ್ನು ಎಂಟು ಮೂಲೆಯ ನಕ್ಷತ್ರವಾಗಿಸಿ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟವನ್ನು ಒಂದು ಕಂಬವಿಲ್ಲದೆ ಹೊತ್ತಿವೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಕಾಗದದ ಮೇಲೆ ಬರೆದು ನೋಡು. ಬೆಂಗಳೂರಿನಲ್ಲಿ ಗಣಿತ ವಿಭಾಗದ ಉಪನ್ಯಾಸಗಳಿಗೂ ಹೋಗಿ ಕೂಡು, ಅರ್ಧ ತಿಳಿಯದಿದ್ದರೂ ಕೂಡು.

ಕಂಪ್ಯೂಟರ್ ಎಲ್ಲ ಮಾಡುತ್ತದೆ ಎಂಬ ನಿನ್ನ ಗೆಳತಿಯ ಮಾತಿಗೆ ಇಷ್ಟೇ ಹೇಳುತ್ತೇನೆ. 2023ರ ನವೆಂಬರಿನಲ್ಲಿ ಗೂಗಲ್ ಡೀಪ್‌ಮೈಂಡ್‌ನವರು 22 ಲಕ್ಷ ಹೊಸ ಹರಳುಗಳ ರಚನೆಯನ್ನು ಊಹಿಸಿದರು, ಅವುಗಳಲ್ಲಿ 3,80,000 ಸ್ಥಿರ ಎಂದರು. ದೊಡ್ಡ ಕೆಲಸ, ಕಲಿತುಕೋ. ಆದರೆ ಪಟ್ಟಿಯಲ್ಲಿರುವುದನ್ನು ಮೂಸೆಯಲ್ಲಿ ಮಾಡಿ, ಬಂದದ್ದು ಅದೇ ಹೌದೋ ಅಲ್ಲವೋ ಹೇಳುವವರು ಬೇಕು. ನಮ್ಮ ಎಸ್‌ಜಿ ಐರನ್, ಅಂದರೆ ಗುಂಡು ಗ್ರಾಫೈಟಿನ ಬೀಡುಕಬ್ಬಿಣ ನೋಡು. ಕರಗಿದ ಬೀಡುಕಬ್ಬಿಣದಲ್ಲಿ ಶೇ. 0.04ರಷ್ಟು ಮೆಗ್ನೀಸಿಯಂ ಉಳಿದರೆ ಗ್ರಾಫೈಟ್ ಎಳೆಗಳು ಗುಂಡಗಾಗಿ, ಪೆಟ್ಟಿಗೆ ಒಡೆಯುವ ಕಬ್ಬಿಣ ಬಾಗುವ ಕಬ್ಬಿಣವಾಗುತ್ತದೆ. ಕರಗಿದ ಲೋಹ ಒಯ್ಯುವ ಲ್ಯಾಡಲ್ ನಾಲ್ಕು ನಿಮಿಷ ತಡವಾದರೂ ಮೆಗ್ನೀಸಿಯಂ ಕಡಿಮೆಯಾಗುತ್ತ ಹೋಗುತ್ತದೆ. 1943ರಲ್ಲಿ ಇದನ್ನು ಕಂಡ ಕೀತ್ ಮಿಲಿಸ್ ಹುಡುಕುತ್ತಿದ್ದದ್ದು ಯುದ್ಧಕಾಲದಲ್ಲಿ ಸಿಗದ ಕ್ರೋಮಿಯಂಗೆ ಬದಲಿಯನ್ನು. ಕೈಯಲ್ಲಿ ಎರಕ ಇದ್ದುದರಿಂದ ಕಣ್ಣಿಗೆ ಬಿತ್ತು.

ಕಡೆಗೆ ವಿಷಯದ ಆಯ್ಕೆ. ಯಮನಾಪುರದ ಅಲ್ಯುಮಿನಾ ಕಾರ್ಖಾನೆ ನಮ್ಮ ಊರಿನದೇ. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಅಲ್ಯುಮಿನಿಯಂ ಮಾಡಲು ಬೇಕಾದ ಅಲ್ಯುಮಿನಾ ತೆಗೆದಾಗ ಸಾಮಾನ್ಯವಾಗಿ ಪ್ರತಿ ಟನ್ನಿಗೆ ಒಂದರಿಂದ ಒಂದೂವರೆ ಟನ್ ಕೆಂಪು ರಾಡಿ ಉಳಿಯುತ್ತದೆ. ಅದರಲ್ಲಿ ಕಬ್ಬಿಣ, ಟೈಟಾನಿಯಂ, ಚೂರು ಸ್ಕ್ಯಾಂಡಿಯಂ ಇವೆ. ಕ್ಷಾರದ ಕಾಟವೂ ಇದೆ. ಸಿಮೆಂಟಿಗೆ ಒಂದಿಷ್ಟು ಹೋಗುತ್ತದೆ, ಜಗತ್ತಿನಲ್ಲಿ ಉಳಿದದ್ದರ ಗುಡ್ಡಗಳೇ ಇವೆ. ನೀಲಿ ಎಲ್‌ಇಡಿಗೆ ಬೇಕಾದ ಗ್ಯಾಲಿಯಂ ಬಹುಪಾಲು ಸಿಗುವುದೂ ಇಂಥ ಕಾರ್ಖಾನೆಗಳ ಕಾಸ್ಟಿಕ್ ದ್ರಾವಣದಿಂದಲೇ. ಆ ನೀಲಿ ದೀಪಕ್ಕೆ 2014ರಲ್ಲಿ ನೊಬೆಲ್ ಬಂದದ್ದನ್ನು ನೀನೇ ನನಗೆ ಹೇಳಿದ್ದೆ. ರಾಡಿಯ ಕ್ಷಾರವನ್ನು ಕಡಿಮೆ ಖರ್ಚಿನಲ್ಲಿ ಇಳಿಸುವುದು ಹೇಗೆ ಎಂಬುದೊಂದೇ ಒಂದು ಪಿಎಚ್‌ಡಿಗೆ ಸಾಕು. ಪತ್ರಿಕೆಯ ಮುಖಪುಟಕ್ಕೆ ಬಾರದಿರಬಹುದು, ಆದರೆ ನೀನು ಹಿಡಿದರೆ ನನಗೆ ಬಹಳ ಸಂತೋಷ.

ನಿಮ್ಮ ಗೈಡ್ ಜೊತೆ ಮಾತಾಡು. ಸ್ಯಾಂಪಲ್ ಬೇಕೆಂದರೆ ಕಾರ್ಖಾನೆಗೆ ವಿಭಾಗದಿಂದಲೇ ಪತ್ರ ಬರಲಿ, ಇಲ್ಲಿಯ ಓಡಾಟ ನಾನು ನೋಡಿಕೊಳ್ಳುತ್ತೇನೆ. ಅವರು ಏನಂದರು ಎಂದು ಬರಿ.

ಇತಿ ನಿನ್ನ
ಕಾಕಾ