ಬ್ರಾಕೆಟ್ಟಿನ ಒಳಗೋ, ಹೊರಗೋ?

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಮನೆ ಹುಡುಗಿ ಈಗ ದ್ವಿತೀಯ ಪಿಯುಸಿ. ಮೊನ್ನೆ ಸಂಜೆ ಜಗಲಿಯಲ್ಲಿ ಕೂತು ‘ಲಿಂಕೇಜ್, ಕೋಆರ್ಡಿನೇಷನ್, ಅಯೊನೈಸೇಷನ್, ಹೈಡ್ರೇಟ್’ ಎಂದು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದಳು. ಕೋಆರ್ಡಿನೇಷನ್ ಸಂಯುಕ್ತಗಳ, ಅಂದರೆ ನಡುವಿನ ಲೋಹಕ್ಕೆ ಬೇರೆ ಅಣು, ಅಯಾನುಗಳು ಅಂಟಿಕೊಂಡಿರುವ ಸಂಯುಕ್ತಗಳ, ರಚನಾ ಸಮಾಂಗತೆಯ ಪಾಠ. ಸಾಮಾನು ಅದೇ, ಜೋಡಣೆ ಬೇರೆ, ಅದೇ ಸಮಾಂಗತೆ; ಅವಳು ಒಪ್ಪಿಸಿದ್ದು ಅದರ ಬಗೆಗಳನ್ನು. ವರ್ಷಗಟ್ಟಲೆ ಇದನ್ನೇ ಹೇಳಿಕೊಟ್ಟವನು ನಾನು, ಬಾಯಿ ಸುಮ್ನಿರಲಿಲ್ಲ. ‘ಎರಡು ಸಮಾಂಗಿ ಎದುರಿಗಿಟ್ಟರೆ ಯಾವುದು ಯಾವುದು ಅಂತ ಹೇಗೆ ಹೇಳ್ತೀಯಮ್ಮ?’ ಎಂದೆ. ‘ಹೆಸರು, ಉದಾಹರಣೆ ಬರೆದ್ರೆ ಸಾಕು ಸರ್, ಎರಡು ಮಾರ್ಕು’ ಎಂದಳು.

ತಪ್ಪು ಅವಳದಲ್ಲ. ಉತ್ತರ ಅವಳ ಲ್ಯಾಬಿನಲ್ಲೇ ಇದೆ, ಯಾರೂ ತೋರಿಸಿಲ್ಲ ಅಷ್ಟೇ. ಕೋಬಾಲ್ಟ್ ಒಂದು, ಅಮೋನಿಯಾ ಐದು, ಬ್ರೋಮೈಡ್ ಒಂದು, ಸಲ್ಫೇಟ್ ಒಂದು. ಸಾಮಾನು ಇಷ್ಟೇ. ಬ್ರೋಮೈಡ್ ಕೋಬಾಲ್ಟಿಗೆ ಅಂಟಿಕೊಂಡು ಸಲ್ಫೇಟ್ ಹೊರಗುಳಿದರೆ ನೇರಳೆ ಬಣ್ಣ. ಜಾಗ ಅದಲುಬದಲಾದರೆ ಕೆಂಪು. ಅಂಟಿಕೊಂಡದ್ದನ್ನು ಸೂತ್ರದಲ್ಲಿ ಬ್ರಾಕೆಟ್ಟಿನ ಒಳಗೆ, ಉಳಿದದ್ದನ್ನು ಹೊರಗೆ ಬರೆಯುತ್ತೇವೆ; ಹೊರಗಿನದು ಮಾತ್ರ ನೀರಿನಲ್ಲಿ ಬಿಡಿಯಾಗಿ ಪರೀಕ್ಷೆಗೆ ಸಿಗುತ್ತದೆ. ನೇರಳೆ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಬಿಟ್ಟರೆ ಬೆಳ್ಳಗಿನ ಪುಡಿ ತಳಕ್ಕಿಳಿಯುತ್ತದೆ. ಕೆಂಪಿಗೆ ಬಿಟ್ಟರೆ ಏನೂ ಆಗಲ್ಲ, ಅದಕ್ಕೆ ಸಿಲ್ವರ್ ನೈಟ್ರೇಟ್ ಬೇಕು, ಆಗ ತಿಳಿ ಹಳದಿ ಪುಡಿ. ಲವಣದಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ಸಾಲ್ಟ್ ಅನಾಲಿಸಿಸ್‌ನಲ್ಲಿ ಮಕ್ಕಳು ಮಾಡುವ ಪರೀಕ್ಷೆಗಳೇ ಇವು, ಅಲ್ವಾ?

ಕೋಬಾಲ್ಟ್ ಸಂಯುಕ್ತ ತಯಾರಿಸುವ ತಾಪತ್ರಯ ಬೇಡವೆಂದರೆ ಕ್ರೋಮಿಯಂ ಕ್ಲೋರೈಡ್ ತರಿಸಿ. ಬಾಟಲಿಯಲ್ಲಿ ಬರುವುದು ಕಡು ಹಸಿರು ಹರಳು. ಅದರ ಮೂರು ಕ್ಲೋರೈಡ್‌ನಲ್ಲಿ ಎರಡು ಕ್ರೋಮಿಯಂ ಜೊತೆಗೇ ಕಟ್ಟಿಕೊಂಡಿರುತ್ತವೆ. ಹಾಗಾಗಿ ಆಗಷ್ಟೇ ಕರಗಿಸಿದ ನೀರಿನಲ್ಲಿ ಸಿಲ್ವರ್ ನೈಟ್ರೇಟಿಗೆ ಸಿಗುವುದು ಒಂದೇ. ಒಮ್ಮೆ ನಾನು ಸೋಮವಾರ ಕರಗಿಸಿ ಕಿಟಕಿ ಪಕ್ಕ ಇಟ್ಟಿದ್ದೆ. ದಿನ ಕಳೆದಂತೆ ನೀರು ಒಳಗೆ ಸೇರಿ, ಕ್ಲೋರೈಡ್ ಹೊರಬಂದು, ಹಸಿರು ನೀಲಿಗೆ ತಿರುಗಿ ನೇರಳೆಯತ್ತ ಹೊರಟಿತು. ಪಾಠಕ್ಕೆ ಚಕ್ಕರ್ ಹೊಡೆಯುವವರೂ ಇಣುಕಿ ನೋಡಿ ಹೋಗುತ್ತಿದ್ದರು!

ಹೀಗೆ ಕೆಲವು ಲೋಹಕ್ಕೆ ಅಂಟಿ, ಉಳಿದವು ಹೊರಗಿರುತ್ತವೆ ಎಂಬ ಸಿದ್ಧಾಂತವನ್ನು ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವರ್ನರ್ 1893ರಲ್ಲಿ ಮುಂದಿಟ್ಟಾಗ, ಒಳಗಿನ ಜೋಡಣೆ ನೋಡಲು ನೆರವಾಗುವ ಎಕ್ಸ್-ರೇ ಇನ್ನೂ ಗೊತ್ತೇ ಇರಲಿಲ್ಲ. ಎಷ್ಟು ಕ್ಲೋರೈಡ್ ಹೊರಬರುತ್ತದೆ, ದ್ರಾವಣದಲ್ಲಿ ಕರೆಂಟು ಎಷ್ಟು ಹರಿಯುತ್ತದೆ, ಇಂಥ ಲೆಕ್ಕಗಳೇ ಆಧಾರ. 1913ರಲ್ಲಿ ನೊಬೆಲ್ ಬಂತು.

ಪ್ರಾಕ್ಟಿಕಲ್‌ನಲ್ಲಿ ಇದಕ್ಕೊಂದು ಪೀರಿಯಡ್ ಕೊಡಿ ಎಂದು ಪಿಯು ಉಪನ್ಯಾಸಕರನ್ನು ಕೇಳುತ್ತೇನೆ. ಸಿಲ್ವರ್ ನೈಟ್ರೇಟ್ ದುಬಾರಿ ನಿಜ, ಆದರೆ ಬೇಕಾಗುವುದು ಹನಿ ಲೆಕ್ಕದಲ್ಲಿ. ಬೆರಳಿಗೆ ತಾಗಿದರೆ ಕಪ್ಪು ಕಲೆ ನಾಲ್ಕು ದಿನ ಹೋಗಲ್ಲ. ಹುಡುಗಿಗೆ ಅದನ್ನೂ ಹೇಳಿದ್ದೇನೆ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ