ಒಗ್ಗರಣೆಯ ಸಾಸಿವೆಯನ್ನೂ ಸೋಸಿದವರಿಗೆ

ಮೊನ್ನೆ ಶುಕ್ರವಾರ ಕೆಳದವಡೆಯ ಎಡಭಾಗದಲ್ಲಿ ಎರಡು ಹಲ್ಲು ಕೂರಿಸಿಕೊಂಡು ಮನೆಗೆ ಬಂದೆ. ಜೂನ್ ಮೊದಲ ವಾರ, ಹಾಸನಕ್ಕೆ ಮಳೆ ಹಿಡಿದ ದಿನವೇ, ದವಡೆಯ ಮೂಳೆಯೊಳಗೆ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲಿಗೆ ಲೋಹದ ಬೇರು, ಇಟ್ಟಿದ್ದರು. ನಡುವೆ ನಾಲ್ಕು ತಿಂಗಳು ಕಳೆದಿವೆ. ಆ ದಿನಗಳಲ್ಲಿ, ಅದರಲ್ಲೂ ಮೊದಲ ಹದಿನೈದು ದಿನ, ನನ್ನ ಹೊಟ್ಟೆ ನೋಡಿಕೊಂಡವರಿಗೆಲ್ಲ ಇಲ್ಲಿ ಕೈ ಮುಗಿಯುತ್ತಿದ್ದೇನೆ.

ಮೊದಲು ನಮ್ಮ ದಂತವೈದ್ಯರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳೆಂದು ತಿಳಿದ ಮೇಲೆ ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಸಾಧನವನ್ನು ಹೊರತೆಗೆಯಲು ಹೋದಾಗ ಅದು ಮೂಳೆಗೆ ಬೆಸೆದುಕೊಂಡಿತ್ತಂತೆ. 1965ರಲ್ಲಿ ಅದೇ ಲೋಹ ಮೊದಲ ಬಾರಿಗೆ ಮನುಷ್ಯನ ದವಡೆಗೆ ಹಲ್ಲಿನ ಬೇರಾಗಿ ಸೇರಿತು. "ಮೂಳೆ ತಾನಾಗಿ ಬಂದು ಹಿಡಿದುಕೊಳ್ಳಬೇಕು ಮೇಡಂ, ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಆ ಜಾಗದ ಮೇಲೆ ಭಾರ ಹಾಕಬೇಡಿ" ಎಂದರು. ಕಾರಣ ತಿಳಿದಿದ್ದರಿಂದ ಪಥ್ಯ ನನಗೆ ಶಿಕ್ಷೆಯೆನಿಸಲಿಲ್ಲ. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡದೆ ಕಾದದ್ದಕ್ಕೂ ಅವರಿಗೆ ಋಣಿ.

ಮೊದಲ ದಿನ ತುಟಿ, ನಾಲಿಗೆ ಮರಗಟ್ಟಿದ್ದವು. ಬಿಸಿ ಕುಡಿದರೆ ಸುಟ್ಟದ್ದೂ ತಿಳಿಯುವುದಿಲ್ಲ, ಗಾಯದಿಂದ ರಕ್ತವೂ ಹೆಚ್ಚು ಬರುತ್ತದೆ ಎಂದು ಎಚ್ಚರಿಸಿದ್ದರು. ಬೆಳಿಗ್ಗೆ ಎದ್ದೊಡನೆ ಹೊಗೆಯಾಡುವ ಕಾಫಿ ಬೇಕೇಬೇಕು ಎನ್ನುವ ನನಗೆ ಸೊಸೆ ಅಂಬಲಿ ಮಾಡಿಟ್ಟಳು. ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಸಿ, ಪೂರ್ತಿ ಆರಿಸಿ, ತಿಳಿಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು. ಈರುಳ್ಳಿಯಿಲ್ಲ, ಹಸಿಮೆಣಸಿಲ್ಲ. ಅಣ್ಣ ಅರಸೀಕೆರೆಯಿಂದ ಎಳನೀರು ತಂದಿದ್ದರು. ಸ್ಟ್ರಾ ಹಾಕಿ ಹೀರಿದರೆ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಹುದು ಎಂದಿದ್ದರಿಂದ ಲೋಟಕ್ಕೆ ಬಗ್ಗಿಸಿ ಗುಟುಕು ಗುಟುಕಾಗಿ ಕುಡಿಸಿದರು. ಗಂಟೆಗೊಮ್ಮೆ ಎಲೆ ಅಡಿಕೆ ಹಾಕುವ ಅಣ್ಣ, ನನಗದು ನಿಷಿದ್ಧವೆಂದು ತಿಳಿದು, ನಮ್ಮ ಮನೆಯಲ್ಲಿದ್ದ ಎರಡು ದಿನವೂ ಸಂಚಿ ಬಿಚ್ಚಲಿಲ್ಲ. ಅಣ್ಣಾ, ಅದನ್ನು ನಾನು ಗಮನಿಸಿದ್ದೆ. ಆಗ ಬಾಯಿ ಬಿಟ್ಟು ಹೇಳುವ ಸ್ಥಿತಿಯಲ್ಲಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಎರಡನೆಯ ರಾತ್ರಿಯ ಸಂಗತಿ ನನ್ನಂತೆ ಸಕ್ಕರೆ ಕಾಯಿಲೆ ಇರುವವರಿಗೆ ಉಪಯೋಗವಾಗಬಹುದು. ಊಟ ಅರ್ಧಕ್ಕರ್ಧ ಇಳಿದಿತ್ತು, ಮಾತ್ರೆಯನ್ನು ಮಾತ್ರ ಎಂದಿನಷ್ಟೇ ನುಂಗಿದ್ದೆ. ನಡುರಾತ್ರಿ ರಕ್ತದ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿ, ಮೈಯೆಲ್ಲ ಬೆವರಿತು. ಸೊಸೆ ಎದ್ದು ಬಂದು ನೋಡಿ, ಸಕ್ಕರೆ ನೀರನ್ನು ಚಮಚದಲ್ಲಿ ಬಲಗೆನ್ನೆಯ ಕಡೆಯಿಂದ ಹಾಕುತ್ತಾ ಕೂತಳು. ಬೆಳಗಾಗುತ್ತಲೇ ಮಗ ನಮ್ಮ ಸಕ್ಕರೆ ಕಾಯಿಲೆಯ ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಂಡು ಬಂದ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಡಬೇಕಿತ್ತು.

ಮೂರನೆಯ ದಿನದಿಂದ ಮೆತ್ತಗೆ ಕಿವುಚಿದ ಮೊಸರನ್ನ, ಹೆಸರುಬೇಳೆ ತೊವ್ವೆ, ಹಾಲಿನಲ್ಲಿ ಕದಡಿ ಮೃದುವಾಗಿ ಬೇಯಿಸಿದ ಮೊಟ್ಟೆ. ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕು, ಬರಿಯ ಗಂಜಿ ಸಾಲದು ಎಂದಿದ್ದರು. ಐದನೆಯ ದಿನ ಮೊಸರನ್ನದ ಒಗ್ಗರಣೆಯ ಒಂದೇ ಒಂದು ಸಾಸಿವೆ ಕಾಳು ಹೊಲಿಗೆಯ ಪಕ್ಕದಲ್ಲಿ ಸಿಕ್ಕಿಕೊಂಡಿತು. ನಾಲಿಗೆಯಲ್ಲಿ ಒತ್ತುವಂತಿಲ್ಲ, ಕಡ್ಡಿ ಹಾಕುವಂತಿಲ್ಲ, ಜೋರಾಗಿ ಮುಕ್ಕಳಿಸುವಂತಿಲ್ಲ. ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಿಯೊಳಗೆ ಮೆಲ್ಲಗೆ ಹೊರಳಿಸಿ ಹೊರಳಿಸಿ, ಒಂದು ಗಂಟೆಯ ಮೇಲೆ ಅದು ಬಿಟ್ಟುಕೊಂಡಿತು. ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಸೊಸೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ, ಟೀ ಸೋಸುವ ಜಾಲರಿಯನ್ನು ಅನ್ನದ ಮೇಲೆ ಹಿಡಿದು, ಘಮಘಮಿಸುವ ತುಪ್ಪವನ್ನಷ್ಟೇ ಇಳಿಸುತ್ತಿದ್ದಳು. "ಅತ್ತೆ, ಕಾಳಿಲ್ಲದಿದ್ದರೂ ವಾಸನೆಯಾದರೂ ಇರಲಿ" ಎಂದಳು. ನನಗೆ ಗಂಟಲು ಕಟ್ಟಿತು.

ಪಕ್ಕದ ಮನೆಯ ಅಜ್ಜಿ ಹೊಳೆನರಸೀಪುರದ ಕಡೆಯವರು. "ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಯಾರು ಅಗಿಯುತ್ತಾರೆ ಟೀಚರಮ್ಮ? ನುಂಗುವುದೇ ಅಲ್ಲವೇ?" ಎಂದು ಮೊದಲ ದಿನವೇ ಕೇಳಿದ್ದರು. ಫೋನ್ ಮಾಡಿ ವೈದ್ಯರನ್ನೇ ಕೇಳಿದೆ. ಬಿಸಿ ಆರಿರಬೇಕು, ಖಾರ ಇರಬಾರದು, ನಾಲ್ಕು ದಿನ ಕಳೆಯಲಿ ಎಂದರು. ಐದನೆಯ ದಿನ ರಾತ್ರಿ ಅಜ್ಜಿ ತಂದ ಮುದ್ದೆ ಗಂಟಿಲ್ಲದೆ, ಎಂದಿಗಿಂತ ಸಡಿಲವಾಗಿ, ಬೆಣ್ಣೆಯಂತಿತ್ತು. ಜೊತೆಗೆ ಮೆಣಸಿನಕಾಯಿ ಹಾಕದೆ ಮಾಡಿ ನುಣ್ಣಗೆ ರುಬ್ಬಿದ ಸೊಪ್ಪಿನ ಸಾರು. ಐದು ದಿನಗಳ ನಂತರ ಅಂದು ಹೊಟ್ಟೆ ತುಂಬಿದ ಅನುಭವವಾಯಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ವರ್ಷವರ್ಷವೂ ಮಕ್ಕಳಿಗೆ ಬರೆಸುತ್ತೇನೆ. ಆ ರಾತ್ರಿ ಅಜ್ಜಿಯ ಮುಂದೆ ಕೂತು ಉಣ್ಣುವಾಗ ಲೆಕ್ಕವೊಂದೂ ನೆನಪಿಗೆ ಬರಲಿಲ್ಲ.

ಹೊಲಿಗೆ ಬಿಚ್ಚಿದ್ದು ಹತ್ತನೆಯ ದಿನ. ಅಂದು ಅದೇ ಅಜ್ಜಿ ತಮ್ಮ ಶಾವಿಗೆ ಒರಳನ್ನೇ ನಮ್ಮ ಮನೆಗೆ ಹೊರಿಸಿಕೊಂಡು ಬಂದು ಒತ್ತು ಶಾವಿಗೆ ಮಾಡಿದರು. ಎಪ್ಪತ್ತು ದಾಟಿದ ಜೀವ, ಒರಳಿನ ಹಿಡಿಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಿದ್ದರು. ಎಳೆ ಎಳೆಯಾಗಿ ಬಿದ್ದ ಶಾವಿಗೆಗೆ ಬೆಲ್ಲವಿಲ್ಲದೆ ಏಲಕ್ಕಿಯಷ್ಟೇ ಹಾಕಿದ ಕಾಯಿಹಾಲು. ಮನೆಯವರೆಲ್ಲ ಬೆಲ್ಲದ ಕಾಯಿಹಾಲು ಬೇಡವೆಂದು ನನ್ನದನ್ನೇ ಹಂಚಿಕೊಂಡು ತಿಂದರು.

ಶಾಲೆಯ ಸಹೋದ್ಯೋಗಿಗಳು ಒಂದು ವಾರ ನನ್ನ ತರಗತಿಗಳನ್ನು ತಮ್ಮ ಬಿಡುವಿನ ವೇಳೆಯಲ್ಲಿ ನಡೆಸಿಕೊಟ್ಟರು. ಎಂಟನೆಯ ತರಗತಿಯ ಮಕ್ಕಳು, ನಾನು ಮರಳಿದ ಮೇಲೆ ಸಣ್ಣ ದನಿಯಲ್ಲಿ ಮಾತನಾಡಿದರೂ ಕೊನೆಯ ಬೆಂಚಿಗೆ ಕೇಳುವಷ್ಟು ನಿಶ್ಶಬ್ದವಾಗಿದ್ದರು. ಬಿಸಿಯೂಟದ ಅಡುಗೆಯವರು ಮಧ್ಯಾಹ್ನ ನನಗೆಂದು ಅನ್ನವನ್ನು ಸೌಟಿನಲ್ಲಿ ನುರಿದು, ಸಾರು ಬೆರೆಸಿ ಬೇರೆ ತಟ್ಟೆಯಲ್ಲಿ ಮುಚ್ಚಿಡುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಅಜ್ಜಿಯ ಒರಳು ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಬರುವ ಭಾನುವಾರ ನಾನೇ ಶಾವಿಗೆ ಒತ್ತುತ್ತೇನೆ, ಅಜ್ಜಿ ಕುರ್ಚಿಯಲ್ಲಿ ಕೂತು ನೋಡಬೇಕು. ಅಣ್ಣ, ಸಹೋದ್ಯೋಗಿಗಳು, ಅಡುಗೆಯವರು ಎಲ್ಲರೂ ಬನ್ನಿ. ಚಿತ್ರಾನ್ನವನ್ನೂ ಮಾಡುತ್ತೇನೆ, ಒಗ್ಗರಣೆಗೆ ಸಾಸಿವೆ ಧಾರಾಳವಾಗಿ ಹಾಕಿ.