ರೇಸ್ ಅಂದ್ರೆ ಡ್ರೈವರ್ ಒಬ್ನೇ ಅಲ್ಲ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದಾಗೆಲ್ಲ ಪೇಪರ್‌ನಲ್ಲಿ ಮುಂದೇನು ಓದ್ಬೇಕು ಅಂತ ಪುಟಗಟ್ಟಲೆ ಬರುತ್ತೆ, ಪ್ರತಿ ವರ್ಷ ಓದ್ತೀನಿ, ನಾನು ಮಾಡೋ ರೇಸ್ ಎಂಜಿನ್ ಕಟ್ಟೋ ಕೆಲಸ ಮಾತ್ರ ಇದುವರೆಗೂ ಅದ್ರಲ್ಲಿ ಕಂಡಿಲ್ಲ. ರೇಸಿಂಗ್ ಅಂದ್ರೆ ಡ್ರೈವರ್ ಫೋಟೋ ಅಷ್ಟೇ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ಕಾರ್ಟ್ ಅನ್ನೋ ಪುಟ್ಟ ರೇಸ್ ಗಾಡಿಯಿಂದ ಶುರು ಮಾಡಿ ಯುರೋಪ್‌ವರೆಗೂ ಹೋದ್ರು, ನನಗೂ ಹೆಮ್ಮೆನೇ. ಆದ್ರೆ ಅಷ್ಟು ದುಡ್ಡು ಹಾಕೋಕಾಗದ ಮನೆ ಮಕ್ಕಳಿಗೂ ಈ ಫೀಲ್ಡ್‌ನಲ್ಲಿ ಜಾಗ ಇದೆ, ಅದನ್ನ ಯಾರೂ ಹೇಳಲ್ಲ.

ನಾನು ಮೈಸೂರಿನವನು. ಸೋದರಮಾವನ ಗ್ಯಾರೇಜ್‌ನಲ್ಲಿ ಯೆಜ್ಡಿ ರೋಡ್‌ಕಿಂಗ್ ಬೈಕ್ ಬಿಚ್ಚೋದ್ರಿಂದ ಶುರು. 1996ರಲ್ಲಿ ಮೈಸೂರಿನ ಯೆಜ್ಡಿ ಫ್ಯಾಕ್ಟರಿ ಮುಚ್ಚಿದ್ಮೇಲೂ ಊರ ತುಂಬ ಯೆಜ್ಡಿಗಳಿದ್ವು, ಸೀಜ್ ಆದ, ಅಂದ್ರೆ ಬಿಸಿಗೆ ಕಚ್ಕೊಂಡು ನಿಂತುಹೋದ ಪಿಸ್ಟನ್ ತೆಗೆದು ಗೀರು ಯಾವ ಕಡೆ ಬಿದ್ದಿದೆ ಅಂತ ಬೆರಳಲ್ಲಿ ಸವರಿ ನೋಡೋದನ್ನ ಮಾವ ಕಲಿಸಿದ್ರು. ಆಮೇಲೆ ಬೆಂಗಳೂರಿಗೆ ಬಂದು ಒಂದು ಕಾರ್ಟ್ ಟ್ರ್ಯಾಕ್‌ನಲ್ಲಿ ಹೆಲ್ಪರ್ ಆದೆ, ಟೈರ್ ಜೋಡಿಸೋದು, ಚೈನ್‌ಗೆ ಆಯಿಲ್ ಹಾಕೋದು. ಅಲ್ಲಿ ಗೊತ್ತಾಗಿದ್ದು, ಕಾರ್ಟ್‌ಗೆ ಸಸ್ಪೆನ್ಷನ್ನೂ ಇಲ್ಲ, ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಡಿಫರೆನ್ಷಿಯಲ್ಲೂ ಇಲ್ಲ, ಹಿಂದಿನ ಎರಡೂ ಚಕ್ರ ಒಂದೇ ರಾಡ್‌ಗೆ ಕಚ್ಕೊಂಡಿರುತ್ತೆ, ತಿರುವಲ್ಲಿ ಫ್ರೇಮೇ ಬಾಗಿ ಒಳಗಿನ ಹಿಂದಿನ ಚಕ್ರ ನೆಲದಿಂದ ಚೂರು ಎದ್ದರೇನೇ ಗಾಡಿ ಸಲೀಸಾಗಿ ತಿರುಗೋದು. ಬಗ್ಗಿ ಕೂತು ಆ ಗ್ಯಾಪ್ ನೋಡ್ತಾ ಎಷ್ಟೋ ಸಂಜೆ ಕಳೆದಿದ್ದೀನಿ.

ಒಂದೆರಡು ವರ್ಷ ನಾನೇ ಓಡಿಸಿದ್ದೂ ಉಂಟು, ದುಡ್ಡು ಮುಗೀತು, ಬಿಟ್ಟೆ. ಅಪ್ಪ "ಎಲ್ಲಾದ್ರೂ ಒಂದು ಕಡೆ ನಿಲ್ಲಪ್ಪ" ಅಂದ್ರು. ನಿಲ್ಲದೆ ಕೊಯಮತ್ತೂರಿಗೆ ಹೋದೆ, ಅಲ್ಲಿ ಬೋರಿಂಗ್ (ಸಿಲಿಂಡರ್ ಕೊರೆದು ಅಳತೆಗೆ ತರೋದು), ಪೋರ್ಟಿಂಗ್ (ಎಂಜಿನ್‌ಗೆ ಗಾಳಿ ಹೋಗಿ ಬರೋ ದಾರಿ ತಿದ್ದೋದು), ಲೇತ್ ಎಲ್ಲ ಕಲಿತೆ. ಆ ಊರಿನ ಕರಿವರ್ಧನ್ ಅವರು ಮಾರುತಿ 800ರ 796 ಸಿಸಿ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರು ಕಟ್ಟಿ ಕಡಿಮೆ ಖರ್ಚಲ್ಲಿ ರೇಸ್ ಮಾಡೋ ದಾರಿ ತೆರೆದೋರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. ಮುಂದೆ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಶುರುವಲ್ಲಿ ಓಡಿಸಿದ್ದು ಇದೇ ಫಾರ್ಮುಲಾ ಮಾರುತಿನ. ಅಷ್ಟೇಕೆ, 1956ರಲ್ಲಿ ಅಮೆರಿಕದಲ್ಲಿ ಮೊದಲ ಕಾರ್ಟ್ ಮಾಡಿದ ಆರ್ಟ್ ಇಂಗಲ್ಸ್ ಕೂಡ ರೇಸ್ ಕಾರು ಕಟ್ಟೋ ಶಾಪ್‌ನಲ್ಲಿ ಕೆಲಸಕ್ಕಿದ್ದವರೇ, ಹುಲ್ಲು ಕತ್ತರಿಸೋ ಮೆಷಿನ್‌ನ ಎಂಜಿನ್ ತಂದು ಕೂರಿಸಿದ್ರು.

ನನಗೆ ಪಾಠ ಕಲಿಸಿದ್ದು ಒಂದು ಸೋಲು. ಬೆಂಗಳೂರಲ್ಲಿ ಚೆನ್ನಾಗಿ ಸೆಟ್ ಮಾಡಿದ ಟೂ ಸ್ಟ್ರೋಕ್ ಎಂಜಿನ್‌ನ ಅದೇ ಜೆಟ್‌ನಲ್ಲಿ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳತೆ ಮಾಡಿ ಬಿಡೋ ಸಣ್ಣ ತೂತು) ಒಬ್ಬ ಹುಡುಗನ ರೇಸ್‌ಗೆ ಚೆನ್ನೈಗೆ ತಗೊಂಡು ಹೋದೆ, ಮೂರನೇ ಲ್ಯಾಪ್‌ನಲ್ಲಿ ಸೀಜ್. ಪ್ಲಗ್ ಬಿಚ್ಚಿದ್ರೆ ಸುಣ್ಣದ ಥರ ಬೆಳ್ಳಗೆ, ಸರಿ ಇದ್ದಿದ್ರೆ ಕಾಫಿ ಬಣ್ಣ ಇರ್ಬೇಕಿತ್ತು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆನ್ನೈನಲ್ಲಿ ಗಾಳಿ ಗಟ್ಟಿ, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಹೆಚ್ಚಿಗೆ ಹೋಗ್ಬೇಕು, ನಾನು ದೊಡ್ಡ ಜೆಟ್ ಹಾಕಿರ್ಲಿಲ್ಲ. ಆ ಹುಡುಗನ ಸೀಸನ್ ನನ್ನಿಂದ ಹಾಳಾಯ್ತು ಅಂತ ಇವತ್ತಿಗೂ ಸಂಕಟ ಆಗುತ್ತೆ.

ಈಗ ನಂದೇ ಚಿಕ್ಕ ಶಾಪ್ ಇದೆ. ಎಂಜಿನಿಯರಿಂಗ್ ಕಾಲೇಜ್ ಮಕ್ಕಳು ಸ್ಪರ್ಧೆಗೆ ಗೋ ಕಾರ್ಟ್ ಮಾಡ್ತೀವಿ ಅಂತ ಬರ್ತಾರೆ, ಫ್ರೇಮ್ ವೆಲ್ಡಿಂಗ್ ಚೆನ್ನಾಗಿ ಮಾಡಿರ್ತಾರೆ, ಎಂಜಿನ್ ಮಾತ್ರ ಬೈಕಿಂದು ತಂದು ಹಾಗೇ ಬೋಲ್ಟ್ ಹಾಕಿರ್ತಾರೆ, ಒಂದು ಸಲನೂ ಒಳಗೆ ನೋಡಿರಲ್ಲ. ಅವರ ತಪ್ಪಲ್ಲ, ಬಿಚ್ಚೋಕೆ ಯಾರೂ ಬಿಟ್ಟಿಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಪ್ರತಿ ಹುಡುಗ ಹುಡುಗಿ ಒಂದು ಎಂಜಿನ್ ಪೂರ್ತಿ ಬಿಚ್ಚಿ, ಅಳತೆ ತಗೊಂಡು, ವಾಪಸ್ ಜೋಡಿಸಿ ಸ್ಟಾರ್ಟ್ ಮಾಡಿದ್ರೇನೇ ಪಾಸ್ ಅಂತ ಆಗ್ಬೇಕು ಅನ್ನೋದು ನನ್ನ ಮನವಿ. ನೀವೂ ಮುಂದಿನ ಸಲ ಆ ಪುಟದಲ್ಲಿ ಎಂಜಿನ್ ಕಟ್ಟೋರನ್ನ ಮಾತಾಡಿಸಿ ಬರೀರಿ.

ನನ್ನ ಹತ್ರ ಎರಡು ಹಳೇ ಯೆಜ್ಡಿ ಎಂಜಿನ್ ಇದೆ, ಪಾಠಕ್ಕೆ ಬೇಕು ಅನ್ನೋ ಯಾವುದೇ ಸರ್ಕಾರಿ ಪಾಲಿಟೆಕ್ನಿಕ್‌ಗೆ ಸುಮ್ನೆ ಕೊಡ್ತೀನಿ, ಮೊದಲ ಸಲ ಬಿಚ್ಚೋವಾಗ ನಾನೇ ಬಂದು ಪಕ್ಕದಲ್ಲಿ ನಿಲ್ತೀನಿ.

ಇಂತಿ,
ಒಬ್ಬ ಎಂಜಿನ್ ಮೆಕ್ಯಾನಿಕ್, ಬೆಂಗಳೂರು